ಚೊಚ್ಚಲು ಕುರಿ: ಮೊದಲ ಮೂರು ದಿನದ ಆರೈಕೆ

"ಕುರಿ ತಾನೇ ಈಯುತ್ತೆ, ತಾನೇ ಸಾಕ್ಕೊಳ್ಳುತ್ತೆ. ಅದಕ್ಕೂ ಸೂಲಗಿತ್ತಿ ಬೇಕಾ?" ನಮ್ಮ ಶಿಡ್ಲಘಟ್ಟ ಕಡೆ ಯಾರನ್ನು ಕೇಳಿದರೂ ಹೀಗೇ ಅನ್ನುತ್ತಾರೆ. ಮಾತು ಸುಳ್ಳಲ್ಲ. ಎರಡು ಮೂರು ಸೂಲು ಕಂಡ ಕುರಿ ಬೆಳಗ್ಗೆ ನಾವು ಕೊಟ್ಟಿಗೆಗೆ ಹೋಗುವಷ್ಟರಲ್ಲಿ ಮರಿ ಹಾಕಿ, ನೆಕ್ಕಿ, ಹಾಲು ಕುಡಿಸಿ ನಿಂತಿರುತ್ತದೆ. ಆದರೆ ಚೊಚ್ಚಲಿನ ಕಥೆ ಬೇರೆ. ತನ್ನ ಹಿಂದೆ ಬಿದ್ದ ಒದ್ದೆ ಮುದ್ದೆ ಏನು ಅಂತಲೇ ಅದಕ್ಕೆ ಗೊತ್ತಿರುವುದಿಲ್ಲ. ಕೆಲವು ಹೆದರಿ ದೂರ ಹೋಗಿ ನಿಲ್ಲುತ್ತವೆ. ಕೆಲವು ಮರಿ ಕೆಚ್ಚಲಿಗೆ ಬಾಯಿಟ್ಟ ಕೂಡಲೇ ಗಿರಗಿರ ತಿರುಗುತ್ತವೆ.

ನೂರು ಕುರಿಯ ಮಂದೆಯವರು ಹೋದ ಮರಿಯನ್ನು ಲೆಕ್ಕದಲ್ಲಿ ಹೊಡೆದುಹಾಕಿ ಮುಂದೆ ಹೋಗಬಹುದು. ನಮ್ಮಂಥವರಿಗೆ ಆಗದು. ನಮಗಿರುವುದು ಒಂದೂವರೆ ಎಕರೆ. ಒಂದು ಎಕರೆ ಹಿಪ್ಪುನೇರಳೆ, ಅರ್ಧ ಎಕರೆ ರಾಗಿ. ಕೊಟ್ಟಿಗೆಯಲ್ಲಿ ಒಂದು ಸೀಮೆ ಹಸು, ಏಳು ಕುರಿ. ರೇಷ್ಮೆ ಹುಳು ಕೈಕೊಟ್ಟಾಗ, ಗೂಡಿನ ರೇಟು ಬಿದ್ದಾಗ ಮಕ್ಕಳ ಫೀಸಿಗೆ, ಆಸ್ಪತ್ರೆ ಖರ್ಚಿಗೆ ಒದಗುವುದು ಈ ಕುರಿಗಳೇ. ಒಂದು ಮರಿ ಸತ್ತರೆ ಐದು ತಿಂಗಳು ಗಬ್ಬದ ಕುರಿಗೆ ಹಾಕಿದ ಮೇವೂ ಹೋಯಿತು, ಇನ್ನೊಂದು ಸೂಲಿನವರೆಗೆ ಕಾಯುವುದೂ ಬಂತು.

ಹತ್ತು ಹನ್ನೆರಡು ವರ್ಷ ಕುರಿ ಕಟ್ಟಿ ನಾನು ಕಂಡುಕೊಂಡದ್ದು ಇಷ್ಟು. ಚೊಚ್ಚಲು ಕುರಿಯ ಮರಿ ಉಳಿಯುತ್ತದೋ ಇಲ್ಲವೋ ಅನ್ನುವುದು ಬಹುಮಟ್ಟಿಗೆ ಮೊದಲ ಮೂರು ದಿನದಲ್ಲಿ, ಅದರಲ್ಲೂ ಮೊದಲ ಆರು ಗಂಟೆಯಲ್ಲಿ ತೀರ್ಮಾನವಾಗುತ್ತದೆ. ಆ ಹೊತ್ತಿನಲ್ಲಿ ನಾವು ಮಾಡಬೇಕಾದ್ದು ಕಡಿಮೆ, ಮಾಡಬಾರದ್ದೇ ಜಾಸ್ತಿ.

ನಮ್ಮೂರಲ್ಲಿ ಕುರಿ ಕಾಯುತ್ತಿದ್ದ ಒಬ್ಬ ತಾತ ಇದ್ದರು. ಮನೆಮಾತು ತೆಲುಗು. ಕುರಿ ಈಯುವಾಗ ನಾವು ಸುತ್ತ ನಿಂತು ಚಡಪಡಿಸಿದರೆ "ತೊಂದರ ಪಡೊದ್ದಮ್ಮಾ" ಅನ್ನುತ್ತಿದ್ದರು. ತೆಲುಗಿನಲ್ಲಿ ತೊಂದರ ಎಂದರೆ ಆತುರ, ಕನ್ನಡದಲ್ಲಿ ತೊಂದರೆ ಎಂದರೆ ಕಷ್ಟ. ಕುರಿ ಕೊಟ್ಟಿಗೆಯಲ್ಲಿ ಮಾತ್ರ ಎರಡೂ ಒಂದೇ. ಆತುರಪಟ್ಟರೆ ತೊಂದರೆ ಬಂತು ಅಂತಲೇ ಅರ್ಥ.

ಈಯುವ ಮುಂಚೆ

ಟಗರು ಹಾರಿದ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಕುರಿಯ ಗಬ್ಬದ ಅವಧಿ ಸುಮಾರು 150 ದಿನ. 145ನೇ ದಿನದಿಂದಲೇ ಕಣ್ಣಿಡಬೇಕು. ಸಂತೆಯಲ್ಲಿ ಕೊಂಡ ಗಬ್ಬದ ಕುರಿಗೆ ಈ ಲೆಕ್ಕ ಸಿಗದು, ಅದರ ಮೈ ನೋಡಿಯೇ ತಿಳಿಯಬೇಕು. ಚೊಚ್ಚಲಿನಲ್ಲಿ ಒಂದು ಪೇಚು ಇದೆ. ಹಳೇ ಕುರಿಗಳ ಕೆಚ್ಚಲು ವಾರಗಳ ಮುಂಚೆಯೇ ತುಂಬಿಕೊಂಡರೆ, ಕೆಲವು ಚೊಚ್ಚಲುಗಳಲ್ಲಿ ಈಯುವ ಒಂದೆರಡು ದಿನ ಮುಂಚೆಯಷ್ಟೇ ಇಳಿಯುತ್ತದೆ. ಕೆಚ್ಚಲು ಇಳಿದಿಲ್ಲ, ಇನ್ನೂ ಟೈಮಿದೆ ಅಂತ ಮಂದೆ ಜೊತೆ ಮೇಯಲು ಬಿಟ್ಟರೆ ಯಾವುದೋ ಬೇಲಿ ಮರೆಯಲ್ಲಿ ಮರಿ ಹಾಕುತ್ತದೆ.

ಮರಿ ಹೊಟ್ಟೆಯೊಳಗೆ ಬೆಳೆಯುವುದರಲ್ಲಿ ಹೆಚ್ಚು ಪಾಲು, ಸುಮಾರು ಶೇ. 70, ಕೊನೆಯ ಆರು ವಾರದಲ್ಲಿ. ಚೊಚ್ಚಲು ಕುರಿ ತಾನೂ ಇನ್ನೂ ಬೆಳೆಯುತ್ತಿರುತ್ತದೆ. ಹಾಗಾಗಿ ಮೇವಿನ ಜೊತೆ ದಿನಕ್ಕೆ 200-250 ಗ್ರಾಂ ತಿಂಡಿ ಕೊಡುವುದು ದಂಡವಲ್ಲ. ದುಡ್ಡು ಕೊಟ್ಟು ಫೀಡೇ ತರಬೇಕೆಂದಿಲ್ಲ. ಗೌರಿಬಿದನೂರು ಕಡೆಯವರಿಗೆ ಮುಸುಕಿನ ಜೋಳದ ನುಚ್ಚು ಇದೆ. ಚಿಂತಾಮಣಿ ಕಡೆ ಕಡಲೆಕಾಯಿ ಬಳ್ಳಿ, ಹುರುಳಿ ಹೊಟ್ಟು, ಅವರೆ ಹೊಟ್ಟು ಸಿಗುತ್ತದೆ. ನಮಗೆ ಹಿಪ್ಪುನೇರಳೆಯೇ ಇದೆ. ಹುಳು ತಿಂದು ಬಿಟ್ಟ ಸೊಪ್ಪು, ಎಳೇ ಕಡ್ಡಿ ಕುರಿಗೆ ಬಲು ಇಷ್ಟ, ಪ್ರೋಟೀನೂ ಚೆನ್ನಾಗಿದೆ. ಆದರೆ ಹುಳುವಿನ ಹಾಸಿಗೆಗೆ ಸುಣ್ಣ, ವಿಜೇತ ಪುಡಿ ಉದುರಿಸಿದ ದಿನದ ಕಸ ಕೊಡಬೇಡಿ. ಔಷಧಿ ಹೊಡೆದ ತರಕಾರಿ ತೋಟದ ಎಲೆಯೂ ಬೇಡ. ಚಿಕ್ಕಬಳ್ಳಾಪುರ ಕಡೆ ಕೋಸು, ಹೂಕೋಸಿನ ಎಲೆ ಧಾರಾಳವಾಗಿ ಸಿಗುವುದರಿಂದ ಈ ಮಾತು ಹೇಳಬೇಕಾಗಿದೆ.

ಈಯುವುದಕ್ಕೆ ಮೂರು ನಾಲ್ಕು ವಾರ ಇರುವಾಗ ತಾಯಿಗೆ ಕರುಳುಬೇನೆ ಲಸಿಕೆ ಹಾಕಿಸಿ. ಧನುರ್ವಾಯು ಲಸಿಕೆಯನ್ನೂ ಡಾಕ್ಟರರ ಹತ್ತಿರ ಕೇಳಿ. ಹಿಂದೆ ಒಮ್ಮೆಯೂ ಲಸಿಕೆ ಕಾಣದ ಕುರಿಯಾದರೆ ಎರಡು ಸಲ ಬೇಕಾಗುತ್ತದೆ, ಬೇಗ ಶುರು ಮಾಡಬೇಕು. ತಾಯಿಗೆ ಹಾಕಿದ ಸೂಜಿ ಗಿಣ್ಣಿನ ಮೂಲಕ ಮರಿಯನ್ನೂ ಕಾಯುತ್ತದೆ.

ಇನ್ನೊಂದು ಮಾತು. ದೊಡ್ಡ ಮೈಕಟ್ಟಿನ ಟಗರನ್ನು ಸಣ್ಣ ಚೊಚ್ಚಲಿಗೆ ಬಿಡಬೇಡಿ. ಮರಿ ದಪ್ಪವಾಗಿ ದಾರಿಯಲ್ಲಿ ಸಿಕ್ಕಿಕೊಂಡರೆ ಇಬ್ಬರ ಜೀವಕ್ಕೂ ಅಪಾಯ. ಬೆಳೆದ ಕುರಿಯ ಮೂರರಲ್ಲಿ ಎರಡು ಪಾಲು ತೂಕ ಬರುವ ತನಕ ಟಗರಿನಿಂದ ದೂರ ಇಟ್ಟರೆ ಒಳ್ಳೆಯದು.

ಚಂದ್ರಂಕಿಯ ಗೂಡು

ಚೊಚ್ಚಲು ಕುರಿಗೆ ಬೇಕಾದ್ದು ಒಂದು ಒಂಟಿ ಮೂಲೆ. ಮಂದೆಯಲ್ಲಿ ಈದರೆ ಬೇರೆ ಕುರಿಗಳು ತುಳಿಯುತ್ತವೆ. ಈಯಲು ಬಂದ ಇನ್ನೊಂದು ಕುರಿ ಮರಿಯನ್ನು ತನ್ನದೆಂದು ನೆಕ್ಕಿ ಕದಿಯುವುದೂ ಉಂಟು. ರೇಷ್ಮೆ ಮನೆಗಳಲ್ಲಿ ಹಳೇ ಬಿದಿರಿನ ಚಂದ್ರಂಕಿ ಅಟ್ಟದ ಮೇಲೆ ಬಿದ್ದಿರುತ್ತವೆ, ಈಗ ಎಲ್ಲರೂ ಪ್ಲಾಸ್ಟಿಕ್ಕಿಗೆ ಹೋಗಿದ್ದಾರೆ. ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಇಂಥ ಎರಡು ಚಂದ್ರಂಕಿಯನ್ನು ಕೊಟ್ಟಿಗೆಯ ಮೂಲೆಗೆ ಅಡ್ಡಲಾಗಿ ನಿಲ್ಲಿಸಿ ಗೂಟಕ್ಕೆ ಕಟ್ಟಿದರೆ ಈಯುವ ಗೂಡು ರೆಡಿ. ಐದಡಿಗೆ ನಾಲ್ಕಡಿ ಜಾಗ ಸಾಕು. ಬಿದಿರ ಸುರುಳಿಯ ಮಗ್ಗುಲು ಹೊರಗಿರಲಿ, ಚಾಪೆಯ ಮಗ್ಗುಲು ಒಳಗಿರಲಿ. ಇಲ್ಲದಿದ್ದರೆ ಮರಿಯ ಕಾಲು ಸುರುಳಿಗೆ ಸಿಕ್ಕುತ್ತದೆ. ಔಷಧಿ ನೀರು ಕಂಡ ಚಂದ್ರಂಕಿಯಾದ್ದರಿಂದ ಮೊದಲು ಚೆನ್ನಾಗಿ ತೊಳೆದು ಎರಡು ದಿನ ಬಿಸಿಲಿಗೆ ಹಾಕಿ.

ನೆಲಕ್ಕೆ ಒಣ ರಾಗಿ ಹುಲ್ಲು ದಪ್ಪಗೆ ಹಾಸಿ. ಒದ್ದೆ ನೆಲ, ತಣ್ಣನೆ ಗಾಳಿ ಸೇರಿದರೆ ಎಳೇ ಮರಿಗೆ ಕಷ್ಟ. ಮುಂಗಾರಿನ ಹಸಿರಿಗೆ ಟಗರು ಹಾರಿದ ಕುರಿಗಳು ಕಾರ್ತಿಕ, ಮಾರ್ಗಶಿರದಲ್ಲಿ ಈಯುತ್ತವೆ. ನಂದಿ ಬೆಟ್ಟದ ಸುತ್ತ ಆಗ ಚಳಿ ಹೇಗಿರುತ್ತದೆಂದು ನಿಮಗೇ ಗೊತ್ತು.

ಸುಮ್ಮನಿರುವ ಹೊತ್ತು, ಕೈ ಹಾಕುವ ಹೊತ್ತು

ನೋವು ಶುರುವಾದ ಕುರಿ ಮೇವು ಬಿಡುತ್ತದೆ, ಕಾಲಿನಿಂದ ನೆಲ ಕೆರೆಯುತ್ತದೆ, ಎದ್ದು ಕೂತು ಮಾಡುತ್ತದೆ, ಹಿಂದೆ ತಿರುಗಿ ನೋಡಿಕೊಳ್ಳುತ್ತದೆ. ಚೊಚ್ಚಲಿನಲ್ಲಿ ಇದು ಮೂರು ಗಂಟೆಯೂ ಆಗಬಹುದು, ಆರು ಗಂಟೆಯೂ ಆಗಬಹುದು. ಆಗ ಕತ್ತಲಲ್ಲಿ ಟಾರ್ಚು ಬಿಟ್ಟು ಬಿಟ್ಟು ನೋಡಬೇಡಿ. ಮಕ್ಕಳನ್ನು, ನಾಯಿಯನ್ನು ದೂರ ಇಡಿ. ಹೆದರಿದ ಕುರಿ ನೋವನ್ನು ತಡೆಹಿಡಿಯುತ್ತದೆ.

ಆಮೇಲೆ ನೀರಿನ ಚೀಲ ಕಾಣುತ್ತದೆ, ಒಡೆಯುತ್ತದೆ, ಕುರಿ ಜೋರಾಗಿ ತಿಣುಕುತ್ತದೆ. ಇಲ್ಲಿಂದ ಗಡಿಯಾರ ನೋಡಿ. ಸರಿಯಾಗಿ ಬರುವ ಮರಿ ಈಜಿಗೆ ಧುಮುಕುವವರ ಹಾಗೆ ಇರುತ್ತದೆ. ಮೊದಲು ಮುಂಗಾಲಿನ ಎರಡು ಗೊರಸು, ಅಂಗಾಲು ನೆಲದ ಕಡೆ, ಅದರ ಮೇಲೆ ಮೂತಿ. ಇಷ್ಟು ಕಂಡರೆ ಕೈ ಕಟ್ಟಿ ಕೂತುಬಿಡಿ. ಅದು ಬಂದೇ ಬರುತ್ತದೆ.

ಜೋರಾಗಿ ತಿಣುಕಲು ಶುರುವಾಗಿ ಅರ್ಧ ಮುಕ್ಕಾಲು ಗಂಟೆಯಾದರೂ ಏನೂ ಮುಂದೆ ಬರದಿದ್ದರೆ, ತಲೆ ಮಾತ್ರ ಬಂದು ಕಾಲು ಕಾಣದಿದ್ದರೆ, ಒಂದೇ ಕಾಲು ಬಂದರೆ, ಬಾಲ ಮಾತ್ರ ಕಂಡರೆ ಕಾಯಬಾರದು. 1962ಕ್ಕೆ ಫೋನ್ ಮಾಡಿ. ಪಶು ಆಂಬುಲೆನ್ಸಿನ ಈ ನಂಬರಿಗೆ ದುಡ್ಡು ಬೀಳುವುದಿಲ್ಲ. ಹತ್ತಿರದ ಪಶು ಡಾಕ್ಟರರ ನಂಬರೂ ಗೋಡೆ ಮೇಲಿರಲಿ. ಡಾಕ್ಟರು ಬರುವುದು ತಡವಾದರೆ ಅನುಭವ ಇದ್ದವರು ಉಗುರು ಕತ್ತರಿಸಿ, ಮೊಳಕೈವರೆಗೆ ಸೋಪು ಹಾಕಿ ತೊಳೆದು, ಗ್ಲೌಸು ಹಾಕಿ, ಜಾರುವ ಎಣ್ಣೆ ಸವರಿಕೊಂಡು ನಿಧಾನ ಕೈ ಹಾಕಿ ನೋಡಬಹುದು. ಎಳೆಯಬೇಕಾಗಿ ಬಂದರೆ ಎರಡು ಮಾತು ನೆನಪಿರಲಿ. ಕುರಿ ತಿಣುಕಿದಾಗ ಮಾತ್ರ ಎಳೆಯಿರಿ, ಅದು ನಿಲ್ಲಿಸಿದಾಗ ನೀವೂ ನಿಲ್ಲಿಸಿ. ನೇರಕ್ಕೆ ಎಳೆಯದೆ ಕುರಿಯ ಹಿಂಗಾಲಿನ ಕಡೆ, ಕೆಳಮುಖವಾಗಿ ಎಳೆಯಿರಿ. ಹಗ್ಗ ಕಟ್ಟಿ ಇಬ್ಬರು ಗಂಡಸರು ಜಗ್ಗಿದ್ದನ್ನು ಪಕ್ಕದೂರಿನಲ್ಲಿ ಕಂಡಿದ್ದೇನೆ. ಮರಿ ಬಂತು, ತಾಯಿ ಉಳಿಯಲಿಲ್ಲ.

ಗರ್ಭಿಣಿ ಹೆಂಗಸರು ಈಯುವ ಕುರಿಯನ್ನಾಗಲಿ, ಮಾಸನ್ನಾಗಲಿ ಮುಟ್ಟಬಾರದು. ಕುರಿಯಿಂದ ಮನುಷ್ಯರಿಗೆ ದಾಟುವ, ಗರ್ಭಕ್ಕೆ ಅಪಾಯ ತರುವ ರೋಗಗಳಿವೆ. ಇದು ಮಡಿ ಮೈಲಿಗೆಯ ಮಾತಲ್ಲ.

ಮರಿ ನೆಲಕ್ಕೆ ಬಿದ್ದ ಮೇಲೆ

ಮೂಗು ಬಾಯಿಗೆ ಪೊರೆ ಮುಚ್ಚಿದ್ದರೆ ಬೆರಳಿನಿಂದ ತೆಗೆಯಿರಿ. ಉಸಿರಾಡದಿದ್ದರೆ ಒಂದು ಹುಲ್ಲುಕಡ್ಡಿಯಿಂದ ಮೂಗಿನ ಹೊಳ್ಳೆ ಕೆಣಕಿ, ಒಣ ಗೋಣಿಯಿಂದ ಎದೆ ಬೆನ್ನು ಉಜ್ಜಿ. ಸೀನಿದರೆ ಗೆದ್ದಂತೆ.

ಅಲ್ಲಿಗೆ ಹಿಂದೆ ಸರಿಯಿರಿ. ಮರಿಯನ್ನು ಎತ್ತಿ ಮನೆಯೊಳಗೆ ತರುವುದು, ಬಿಸಿನೀರಿನಲ್ಲಿ ತೊಳೆಯುವುದು, ಬಟ್ಟೆಯಿಂದ ಪೂರಾ ಒರೆಸುವುದು ಯಾವುದೂ ಬೇಡ. ಮೈಮೇಲಿನ ಆ ಲೋಳೆಯ ವಾಸನೆಯಿಂದಲೇ ತಾಯಿ ಮರಿಯನ್ನು ಗುರುತು ಹಿಡಿಯುವುದು. ಮೊದಲ ಕೆಲವು ಗಂಟೆಯಲ್ಲಿ ನೆಕ್ಕಿ ನೆಕ್ಕಿ ಅದು ಕಲಿತ ವಾಸನೆಯೇ ಮುಂದೆ ಮಂದೆಯಲ್ಲಿ ತನ್ನ ಮರಿ ಯಾವುದೆಂದು ಹೇಳುತ್ತದೆ. ಚೊಚ್ಚಲು ದೂರ ನಿಂತಿದ್ದರೆ ಲೋಳೆ ಸ್ವಲ್ಪ ಬೆರಳಿಗೆ ತೆಗೆದು ಅದರ ಮೂಗಿಗೆ, ಬಾಯಿಗೆ ಸವರಿ, ಮರಿಯನ್ನು ಅದರ ಮೂತಿ ಮುಂದೆ ಮಲಗಿಸಿ. ಹಳಬರು ಮರಿಯ ಮೈಮೇಲೆ ಒಂದು ಚಿಟಿಕೆ ಉಪ್ಪು, ತೌಡು ಉದುರಿಸುತ್ತಾರೆ. ಒಮ್ಮೆ ನೆಕ್ಕಿದ ಕುರಿ ಸಾಮಾನ್ಯವಾಗಿ ಬಿಡುವುದಿಲ್ಲ.

ಹೊಲದಲ್ಲಿ ಈದಿದ್ದರೆ ಮರಿಯನ್ನು ಎದೆಗಪ್ಪಿ ಸರಸರ ನಡೆದುಬಿಡಬೇಡಿ. ತಾಯಿಗೆ ಅದು ಕಾಣದೆ ಈದ ಜಾಗಕ್ಕೇ ವಾಪಸ್ ಓಡುತ್ತದೆ. ಮುಂಗಾಲು ಹಿಡಿದು ನೆಲಮಟ್ಟದಲ್ಲಿ ತೂಗಾಡಿಸುತ್ತ ನಿಧಾನ ನಡೆಯಿರಿ. ವಾಸನೆ ಹಿಡಿದು ಹಿಂದೆಯೇ ಬರುತ್ತದೆ.

ಹೊಕ್ಕಳು ಬಳ್ಳಿ ಉದ್ದವಾಗಿದ್ದರೆ ಎರಡು ಮೂರು ಅಂಗುಲ ಬಿಟ್ಟು ಹೊಸ ಬ್ಲೇಡಿನಲ್ಲಿ ಕತ್ತರಿಸಿ, ಟಿಂಚರ್ ಅಯೋಡಿನ್ ತುಂಬಿದ ಸಣ್ಣ ಲೋಟದಲ್ಲಿ ಬಳ್ಳಿಯನ್ನು ಅದ್ದಿ. ಸಂಜೆಗೆ ಇನ್ನೊಮ್ಮೆ. ಬೂದಿ, ಸಗಣಿ ಹಚ್ಚುವುದು ಬೇಡವೇ ಬೇಡ. ಹೊಕ್ಕಳಿನಿಂದ ಒಳಹೋದ ನಂಜು ವಾರದ ಮೇಲೆ ಕೀಲು ಊತವಾಗಿ ಕಾಣಿಸಿಕೊಳ್ಳುತ್ತದೆ. ಧನುರ್ವಾಯುವಿಗೂ ಅದೇ ಬಾಗಿಲು.

ಗಿಣ್ಣು ಹೊಟ್ಟೆ ಸೇರಲಿ

ಮಾಸು ಬೀಳುವ ತನಕ ಮರಿಗೆ ಹಾಲು ಬಿಡಬಾರದು, ಗಿಣ್ಣು ಕುಡಿದರೆ ಭೇದಿಯಾಗುತ್ತದೆ ಎಂದು ಗಿಣ್ಣನ್ನು ನೆಲಕ್ಕೆ ಕರೆದು ಚೆಲ್ಲುವವರು ಇನ್ನೂ ಇದ್ದಾರೆ. ಇದರಷ್ಟು ನಷ್ಟದ ಕೆಲಸ ಇನ್ನೊಂದಿಲ್ಲ. ಹುಟ್ಟಿದ ಮರಿಯ ರಕ್ತದಲ್ಲಿ ರೋಗ ತಡೆಯುವ ಶಕ್ತಿ ಇಲ್ಲವೆಂದೇ ಹೇಳಬೇಕು. ಅದು ಗಿಣ್ಣಿನಿಂದಲೇ ಬರಬೇಕು. ಹಸುವಿನ ಗಿಣ್ಣು ಕಾಯಿಸಿದರೆ ಗಟ್ಟಿಯಾಗುವುದನ್ನು ನಮ್ಮ ಅಡುಗೆ ಮನೆಯಲ್ಲೇ ನೋಡಿದ್ದೇವೆ. ಹಾಗೆ ಗಟ್ಟಿಯಾಗುವ ಪ್ರೋಟೀನಿನಲ್ಲೇ ರೋಗ ತಡೆಯುವ ಅಂಶ ಇರುವುದು. ಮರಿಯ ಕರುಳು ಅದನ್ನು ಹಾಗೇ ರಕ್ತಕ್ಕೆ ಬಿಟ್ಟುಕೊಳ್ಳುವುದು ಮೊದಲ ಕೆಲವು ಗಂಟೆ ಮಾತ್ರ. ಹನ್ನೆರಡು ಗಂಟೆಗೆ ಬಹಳ ಕಡಿಮೆಯಾಗಿ, ಒಂದು ದಿನಕ್ಕೆ ಬಾಗಿಲು ಮುಚ್ಚಿಬಿಡುತ್ತದೆ. ನಾಳೆ ಕುಡಿಸಿದ ಗಿಣ್ಣು ಹೊಟ್ಟೆ ತುಂಬಿಸುತ್ತದೆ, ರೋಗದಿಂದ ಕಾಯುವುದಿಲ್ಲ.

ಚೊಚ್ಚಲಿನ ಮೊಲೆ ತೊಟ್ಟಿನ ತುದಿಯಲ್ಲಿ ಮೇಣದಂಥ ಬಿರಡೆ ಕೂತಿರುತ್ತದೆ. ಎರಡೂ ತೊಟ್ಟನ್ನು ಒಂದೆರಡು ಸಲ ಹಿಂಡಿ ಹಾಲು ಬರುವುದನ್ನು ಖಾತ್ರಿ ಮಾಡಿಕೊಳ್ಳಿ. ಮರಿ ಅರ್ಧ ಗಂಟೆ, ಒಂದು ಗಂಟೆಯೊಳಗೆ ಎದ್ದು ಹುಡುಕುತ್ತದೆ. ಎರಡು ಗಂಟೆಯಾದರೂ ಕುಡಿಯದಿದ್ದರೆ ನಾವು ಕುಡಿಸಬೇಕು. ಎರಡೂವರೆ ಕಿಲೋ ಮರಿಗೆ ಮೊದಲ ಸಲ ಒಂದು ಸಣ್ಣ ಟೀ ಲೋಟದಷ್ಟು, ನೂರರಿಂದ ನೂರಿಪ್ಪತ್ತು ಮಿಲಿ. ದಿನಪೂರ್ತಿ ಲೆಕ್ಕಕ್ಕೆ ಅರ್ಧ ಲೀಟರು, ಐದಾರು ಸಲಕ್ಕೆ ಹಂಚಿ.

ನಮ್ಮ ನಾಟಿ ಕುರಿಗಳು ಹೆಚ್ಚಾಗಿ ಒಂದೇ ಮರಿ ಹಾಕುತ್ತವೆ. ಫಲ್ಟಣದ ನಿಂಬಕರ್ ಸಂಸ್ಥೆಯ ನಾರಿ ಸುವರ್ಣ ತಳಿ ಕಟ್ಟಿದವರಿಗೆ ಅವಳಿ ಮಾಮೂಲು. ಆಗ ಚಿಕ್ಕ ಮರಿಯ ಕಡೆ ಕಣ್ಣಿರಲಿ, ದೊಡ್ಡದು ಎಲ್ಲಾ ಎಳೆದುಕೊಂಡುಬಿಡುತ್ತದೆ. ತಾಯಿಯಲ್ಲಿ ಹಾಲೇ ಇಲ್ಲವೆಂದರೆ ಅದೇ ದಿನ ಈದ ಇನ್ನೊಂದು ಕುರಿಯದೋ, ಮೇಕೆಯದೋ, ಅದೂ ಇಲ್ಲದಿದ್ದರೆ ಹಸುವಿನದೋ ಗಿಣ್ಣು ಕೊಡಿ. ಹಸು ಕರು ಹಾಕಿದಾಗ ಒಂದು ಬಾಟಲಿ ಗಿಣ್ಣನ್ನು ಫ್ರಿಜ್ಜಿನ ಐಸ್ ಪೆಟ್ಟಿಗೆಯಲ್ಲಿ ಇಟ್ಟುಕೊಂಡರೆ ಆಪತ್ತಿಗೆ ಆಗುತ್ತದೆ. ಕರಗಿಸುವಾಗ ಬಾಟಲಿಯನ್ನು ಬೆಚ್ಚನೆ ನೀರಿನಲ್ಲಿಡಿ. ಒಲೆ ಮೇಲಿಟ್ಟರೆ ಗಿಣ್ಣಿನ ಸಿಹಿತಿಂಡಿ ಆದೀತು, ಮರಿಗೆ ಉಪಯೋಗವಿಲ್ಲ.

ತಾಯಿ ಒಲ್ಲೆ ಅಂದರೆ

ಹೋದ ವರ್ಷ ಪುಷ್ಯದಲ್ಲಿ ನಮ್ಮ ಒಂದು ಚೊಚ್ಚಲು ಬೆಳಗಿನ ಜಾವ ನಾಲ್ಕಕ್ಕೆ ಈಯಿತು. ಹೆಣ್ಣು ಮರಿ. ನೆಕ್ಕಿತು, ಗುರುಗುಟ್ಟಿ ಕರೆಯಿತು, ಎಲ್ಲಾ ಸರಿ. ಮರಿ ಕೆಚ್ಚಲಿಗೆ ಹೋದರೆ ಮಾತ್ರ ಇದು ಅದರ ಮುಖ ನೋಡಲು ತಿರುಗುತ್ತದೆ. ಮರಿ ಹಿಂದೆ ಸುತ್ತಿದರೆ ಇದೂ ಸುತ್ತುತ್ತದೆ. "ಇದು ತಾಯಿತನ ಇಲ್ಲದ ಕುರಿ, ಮಾರಿಬಿಡೋಣ" ಅಂದರು ನಮ್ಮತ್ತೆ. "ಇರಿ ಅತ್ತೆ, ಅದು ಮರೀನ ಹುಡುಕ್ತಾ ಇದೆ, ಒದೀತಾ ಇಲ್ಲ" ಅಂದೆ.

ಇಲ್ಲಿ ಮೂರು ಬೇರೆ ಬೇರೆ ಸಂಗತಿ ಇವೆ, ಒಂದೇ ಎಂದು ತಿಳಿಯಬಾರದು. ಒಂದು, ಸುತ್ತುವ ಕುರಿ. ಅದಕ್ಕೆ ಮರಿ ಬೇಕು, ಕುಡಿಸುವುದು ಗೊತ್ತಿಲ್ಲ. ಎರಡು, ತೊಟ್ಟು ಮುಟ್ಟಿದಾಗ ಒದೆಯುವ ಕುರಿ. ಕೆಚ್ಚಲು ಮುಟ್ಟಿ ನೋಡಿ. ಬಿಸಿಯಾಗಿ ಗಟ್ಟಿಯಾಗಿದ್ದರೆ, ಹಾಲು ಒಡೆದಂತೆ ಬಂದರೆ ಕೆಚ್ಚಲು ಬಾವು, ಡಾಕ್ಟರೇ ನೋಡಬೇಕು. ಮೂರು, ಮರಿಯನ್ನು ಕಂಡರೆ ಸಾಕು ತಲೆಯಿಂದ ಗುದ್ದುವ ಕುರಿ. ಮರಿ ಬೇಡ ಎನ್ನುವುದು ಇದು ಮಾತ್ರ. ಚೊಚ್ಚಲಿನಲ್ಲಿ ಮೊದಲನೆಯದೇ ಹೆಚ್ಚು.

ನಾನು ಮಾಡಿದ್ದು ಇಷ್ಟೇ. ಕುರಿಯ ಒಂದು ಮಗ್ಗುಲನ್ನು ಗೋಡೆಗೆ ತಾಗಿಸಿ, ಇನ್ನೊಂದು ಮಗ್ಗುಲಿಗೆ ನನ್ನ ಮೊಣಕಾಲು ಕೊಟ್ಟು, ಗದ್ದ ಹಿಡಿದು ನಿಂತೆ. ಮಗಳು ಮರಿಯನ್ನು ತೊಟ್ಟಿನ ಹತ್ತಿರ ಬಿಟ್ಟಳು. ಬಾಲ ಅಲ್ಲಾಡಿದ ಕೂಡಲೇ ಹಾಲು ಇಳಿಯಿತೆಂದು ಗೊತ್ತಾಯಿತು. ಆ ದಿನ ಎರಡು ಮೂರು ಗಂಟೆಗೊಮ್ಮೆ ಹೀಗೇ. ಎರಡನೇ ದಿನ ಗದ್ದ ಹಿಡಿದರೆ ಸಾಕಾಯಿತು. ಮೂರನೇ ಬೆಳಗ್ಗೆ ಹೋಗಿ ನೋಡಿದರೆ ಕುರಿ ಮೆಲುಕು ಹಾಕುತ್ತ ನಿಂತಿತ್ತು, ಮರಿ ಕೆಳಗೆ ಗುದ್ದಿ ಗುದ್ದಿ ಕುಡಿಯುತ್ತಿತ್ತು. ಆ ಕುರಿಯನ್ನು ಮಾರಲಿಲ್ಲ.

ಹೊಡೆದು ಬಗ್ಗಿಸಲು ಹೋಗಬೇಡಿ. ಮರಿಯ ಜೊತೆ ಹೆದರಿಕೆಯನ್ನೂ ಗಂಟು ಹಾಕಿದಂತಾಗುತ್ತದೆ. ಮೂರನೇ ಬಗೆಯದ್ದಾದರೆ ತಲೆ ಮಾತ್ರ ಆಚೆ ಬರುವಂತೆ ಗೂಟಕ್ಕೆ ಸಡಿಲ ಕಟ್ಟಿ, ಮೇವು ನೀರು ಎದುರಿಗಿಟ್ಟು, ಮರಿ ಹಿಂದಿನಿಂದ ಕುಡಿಯಲು ಬಿಡಿ. ನಾಲ್ಕೈದು ದಿನಕ್ಕೂ ಒಪ್ಪದಿದ್ದರೆ ಬಾಟಲಿಯೇ ಗತಿ.

ತಣ್ಣಗಾದ ಮರಿ

ಮರಿಯ ಬಾಯೊಳಗೆ ಬೆರಳಿಟ್ಟು ನೋಡುವುದನ್ನು ಅಭ್ಯಾಸ ಮಾಡಿಕೊಳ್ಳಿ. ಬೆಚ್ಚಗಿದ್ದು ಬೆರಳು ಚೀಪಿದರೆ ಕ್ಷೇಮ. ಬಾಯಿ ತಣ್ಣಗಿದ್ದು, ಬೆನ್ನು ಗೂನು ಮಾಡಿ ನಿಂತರೆ ಅದಕ್ಕೆ ಚಳಿಯೂ ಇದೆ, ಹಸಿವೂ ಇದೆ. ಚೆನ್ನಾಗಿ ಕುಡಿದ ಮರಿ ಎದ್ದ ಕೂಡಲೇ ಮೈಮುರಿಯುತ್ತದೆ. ಅರಚುತ್ತಲೇ ಇರುವ ಮರಿಗೆ ಹಾಲು ಸಾಲದು.

ಕತ್ತು ಎತ್ತಲಾಗದೆ ಬಿದ್ದ ಮರಿಗೆ ಗೊಟ್ಟದಲ್ಲಿ ಹಾಲು ಹುಯ್ಯಬೇಡಿ. ನುಂಗಲಾರದೆ ಶ್ವಾಸಕೋಶಕ್ಕೆ ಹೋಗುತ್ತದೆ. ಮೊದಲು ಮೈ ಒಣಗಿಸಿ ಕಾವು ಕೊಡಿ, ಡಾಕ್ಟರಿಗೆ ಫೋನ್ ಮಾಡಿ. ಚೀಪುವಷ್ಟು ಚೇತರಿಸಿದ ಮೇಲೆ ಹಾಲು. ಕಾವಿಗೆ ಬಿಸಿನೀರಿನ ಬಾಟಲಿಯನ್ನು ಬಟ್ಟೆ ಸುತ್ತಿ ಪಕ್ಕಕ್ಕಿಡಿ. ಮೇಲೆ ಒಂದು ಮಂಕರಿ ಮುಚ್ಚಿ ತಾಯಿಯ ಕಣ್ಣೆದುರೇ ಇಟ್ಟರೆ ಅದು ಮರೆಯುವುದಿಲ್ಲ. ಈಗಿನ ಎಲ್‌ಇಡಿ ಬಲ್ಬು ಬೆಳಕು ಕೊಡುತ್ತದೆ, ಕಾವು ಕೊಡುವುದಿಲ್ಲ. ಹಳೇ ತಂತಿ ಬಲ್ಬೇ ಬೇಕು. ಹುಲ್ಲಿನಿಂದ ಮೂರಡಿ ಮೇಲೆ, ಗಟ್ಟಿಯಾಗಿ ಕಟ್ಟಿ. ಮುಚ್ಚಿದ ಮನೆಯಲ್ಲಿ ಕೆಂಡದ ಬುಟ್ಟಿ ಇಟ್ಟರೆ ಹೊಗೆಗೆ ಮರಿಯೂ ಉಳಿಯದು, ಕಾವಲು ಮಲಗಿದವರೂ ಉಳಿಯರು.

ತಾಯಿಯನ್ನು ಮರೆಯಬೇಡಿ

ಈದ ಕುರಿಗೆ ಮೊದಲು ಬೇಕಾದ್ದು ಉಗುರುಬೆಚ್ಚನೆ ನೀರು. ಒಂದು ಉಂಡೆ ಬೆಲ್ಲ ಹಾಕಿದರೆ ಚೆನ್ನ. ರಾಗಿ ಹುಲ್ಲು, ಹಸಿರು ಮೇವು ಕೊಡಿ. ಬಾಣಂತಿ ಎಂದು ಒಂದೇ ಸಲಕ್ಕೆ ಸೇರುಗಟ್ಟಲೆ ಧಾನ್ಯ ಸುರಿದರೆ ಹೊಟ್ಟೆ ಹುಳಿಯಾಗುತ್ತದೆ. ತಿಂಡಿಯನ್ನು ವಾರದಲ್ಲಿ ನಿಧಾನ ಏರಿಸಿ.

ಮಾಸು ಎರಡರಿಂದ ಆರು ಗಂಟೆಯಲ್ಲಿ ಬೀಳುತ್ತದೆ. ನೇತಾಡುವುದನ್ನು ಎಳೆಯಬೇಡಿ, ಕಲ್ಲು, ಹಳೇ ಚಪ್ಪಲಿ ಕಟ್ಟಬೇಡಿ. ಹನ್ನೆರಡು ಗಂಟೆ ದಾಟಿದರೆ ಡಾಕ್ಟರಿಗೆ ತಿಳಿಸಿ. ಬಿದ್ದ ಮಾಸನ್ನು ಸುಣ್ಣ ಹಾಕಿ ಆಳಕ್ಕೆ ಹೂಳಿ, ನಾಯಿಗೆ ಎಸೆಯಬೇಡಿ.

ಮೂರು ದಿನ ಗೂಡಿನಲ್ಲಿಟ್ಟು ನಾಲ್ಕನೇ ದಿನ ಮೊದಲು ಮರಿಯಿರುವ ಬೇರೆ ಕುರಿಗಳ ಜೊತೆ ಬಿಡಿ, ಆಮೇಲೆ ಮಂದೆಗೆ. ಮುಂದಿನ ಸೂಲಿಗೆ ಇಷ್ಟು ಓಡಾಟ ಇರುವುದಿಲ್ಲ. ಒಮ್ಮೆ ಕಲಿತ ತಾಯಿಗೆ ಮತ್ತೆ ಹೇಳಿಕೊಡಬೇಕಿಲ್ಲ.

ಕೈಗೆ ಸಿಗುವಂತಿರಲಿ: ಟಿಂಚರ್ ಅಯೋಡಿನ್, ಹೊಸ ಬ್ಲೇಡು, ಸೋಪು, ಗ್ಲೌಸು, ಒಣ ಗೋಣಿಚೀಲ ಎರಡು, ನಿಪ್ಪಲ್ ಹಾಕಿದ ಬಾಟಲಿ, ಜ್ವರ ನೋಡುವ ಥರ್ಮಾಮೀಟರು (ಮರಿಯ ಮೈಶಾಖ ಸುಮಾರು 102-103 ಡಿಗ್ರಿ ಫ್ಯಾರನ್‌ಹೀಟ್ ಇರಬೇಕು), ಟಾರ್ಚು. ಎಲ್ಲಾ ಒಂದು ಡಬ್ಬಿಯಲ್ಲಿ ಹಾಕಿ ಕೊಟ್ಟಿಗೆ ಸೂರಿಗೆ ನೇತು ಹಾಕಿಬಿಡಿ.

ಒಪ್ಪದ ತಾಯಿಗೆ ಮರಿ ಹೊಂದಿಸಲು ಬೇರೆ ಬೇರೆ ಕಡೆ ಬೇರೆ ಬೇರೆ ಉಪಾಯ ಇರುತ್ತವೆ. ಗೌರಿಬಿದನೂರು ಗಡಿ ಕಡೆಯ ದೊಡ್ಡ ಮಂದೆಯವರು, ಬಯಲುಸೀಮೆಯ ಕುರಿಗಾಹಿಗಳು ತಮ್ಮದನ್ನು ಬರೆದು ತಿಳಿಸಿದರೆ ನಮ್ಮಂಥ ಆರೇಳು ಕುರಿಯವರಿಗೆ ಉಪಕಾರವಾದೀತು. ಬರೆಯಲು ಬಾರದವರ ಮಾತನ್ನು ಮನೆಯ ಮಕ್ಕಳು ಬರೆದು ಕಳಿಸಿದರೂ ಆಯಿತು.